ಸಹಾಯ ಬೇಕು: 4 ಜಿಬಿ ಕಂಪ್ಯೂಟರಿಗೆ ವಿಂಡೋಸ್ ಜೊತೆಗೇ ಬರುವ ಆ್ಯಂಟಿವೈರಸ್ ಡಿಫೆಂಡರ್ ಒಂದೇ ಸಾಕಾ?

ನಮಸ್ಕಾರ. ತೀರ್ಥಹಳ್ಳಿ ಕಡೆಯ ಮನೆ ಕಂಪ್ಯೂಟರ್: ವಿಂಡೋಸ್ 10, 4 ಜಿಬಿ ರ‍್ಯಾಮ್, ಹಳೇ ಹಾರ್ಡ್ ಡಿಸ್ಕ್. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10 ಸಪೋರ್ಟ್ ಮುಗಿದರೂ ಡಿಫೆಂಡರಿನ ವೈರಸ್ ಪಟ್ಟಿ 2028ರ ಅಕ್ಟೋಬರ್‌ವರೆಗೆ ಬರುತ್ತದೆ. ವಿಂಡೋಸಿನ ತೂತುಗಳನ್ನು ಮಾತ್ರ ಅದು ಮುಚ್ಚುವುದಿಲ್ಲ.

ಇನ್ನೊಂದು ಉಚಿತ ಆ್ಯಂಟಿವೈರಸ್ ಹಾಕಿದರೆ ಡಿಫೆಂಡರಿನ ಕಾವಲು ತಾನಾಗೇ ನಿಲ್ಲುತ್ತದೆ. ಮೇಲೆ ಪಾಪ್‌ಅಪ್ ಕಾಟ ಬೇರೆ. ಹಾಗಾಗಿ ಡಿಫೆಂಡರನ್ನೇ ಇಟ್ಟುಕೊಂಡು, ತಿಂಗಳಿಗೊಮ್ಮೆ ಮಾಲ್‌ವೇರ್‌ಬೈಟ್ಸ್ ಉಚಿತ ಆವೃತ್ತಿಯಲ್ಲಿ ಸ್ಕ್ಯಾನ್ ಮಾಡುವ ಯೋಚನೆ.

ತಲೆನೋವು ಪೆನ್‌ಡ್ರೈವಿನದು. ಜೆರಾಕ್ಸ್ ಅಂಗಡಿಯಲ್ಲಿ ಪಹಣಿ ಪ್ರಿಂಟ್ ತೆಗೆಸಿ ತಂದರೆ ಫೋಲ್ಡರ್‌ಗಳೆಲ್ಲ ಮಾಯ, ಅದೇ ಹೆಸರಿನ ಪುಟ್ಟ ಶಾರ್ಟ್‌ಕಟ್‌ಗಳು ಮಾತ್ರ. ಅವನ್ನು ಒತ್ತದೆ, ಅಟ್ರಿಬ್ ಕಮಾಂಡಿನಿಂದ ಅಡಗಿದ ಫೋಲ್ಡರ್ ಹೊರಗೆ ತರಬಹುದು, ಸರಿ. ಆದರೆ ಪೆನ್‌ಡ್ರೈವ್ ಚುಚ್ಚಿದ ಕೂಡಲೇ ಡಿಫೆಂಡರ್ ತಾನೇ ಸ್ಕ್ಯಾನ್ ಮಾಡುವಂತೆ ಇಡುವುದು ಹೇಗೆ? ಮಳೆಗಾಲದಲ್ಲಿ ವಾರಗಟ್ಟಲೆ ನೆಟ್ ಇಲ್ಲದಾಗ ವೈರಸ್ ಪಟ್ಟಿಯನ್ನು ಬೇರೆ ಕಂಪ್ಯೂಟರಿನಲ್ಲಿ ಇಳಿಸಿ ತಂದು ಹಾಕುವವರು ಯಾರಾದರೂ ಇದ್ದೀರಾ?