ಮಂಡಿ ಹುಷಾರು ಮಾರಾಯ

ಭಾನುವಾರ ಬೆಳಿಗ್ಗೆ ಎಂಟೂವರೆ. ತೀರ್ಥಹಳ್ಳಿ ರಸ್ತೆಯ ಒಂದು ಸಣ್ಣ ಹೋಟೆಲು. ಎದುರಿಗೆ ಬಿಸಿ ಪಡ್ಡು, ಕಾಯಿ ಚಟ್ನಿ. ನನ್ನ ಶೂ ಒದ್ದೆ, ಬನಿಯನ್ ಒದ್ದೆ. ಚಡ್ಡಿಯ ಬಲಗಡೆ ಜೇಬು ಮಾತ್ರ ಅಂಟಂಟು. ಅದರ ಕಥೆ ಆಮೇಲೆ.

"ಓಟ ಎಷ್ಟಾಯ್ತು ಇವತ್ತು?" ಎಂದರು ಮೇಷ್ಟ್ರು. ರಿಟೈರಾದರೂ ಹಾಜರಿ ತೆಗೆದುಕೊಳ್ಳೋದು ಬಿಟ್ಟಿಲ್ಲ.

"16 ಕಿಲೋಮೀಟರ್."

"ಆಗಬೇಕಾಗಿದ್ದು?"

"28. ಸಕ್ರೆಬೈಲಿನ ಆನೆ ಬಿಡಾರಕ್ಕೆ ಹೋಗಿ ಬಂದರೆ ಸರಿಯಾಗುತ್ತೆ."

"ಅಲ್ಲಿ ಆನೆಗಳು ಬೆಳಿಗ್ಗೆ ಹೊಳೆಯಲ್ಲಿ ಮಲಗಿ ಮೈ ತಿಕ್ಕಿಸಿಕೊಳ್ತವೆ" ಎಂದರು ಗೌಡ್ರು. "ಬುದ್ಧಿ ಇರೋದು ಅವಕ್ಕೆ. ಮಂಡಿ ಹುಷಾರು ಮಾರಾಯ, ಸವೆಯುತ್ತೆ."

ಗೌಡ್ರದ್ದು ಅಡಿಕೆ ಮಂಡಿ. "ನಿಮ್ಮ ಮಂಡಿ ಹೇಗಿದೆ?" ಅಂತ ಕೇಳಿದೆ.

"ಮೂವತ್ತು ವರ್ಷದಿಂದ ಇದೆ. ರೇಟ್ ಬಿದ್ದಾಗ ಮಾತ್ರ ನೋವು."

ನಾನು ಓಡಬೇಕಾಗಿರೋದು ಮುಂಬೈ ಮ್ಯಾರಥಾನ್. ಅದು ಜನವರಿಯಲ್ಲಿ. ತಯಾರಿಗೆ ಕಡಿಮೆ ಅಂದರೂ 16 ವಾರ ಬೇಕು. ವಾರಕ್ಕೆ ನಾಲ್ಕು ದಿನ ಓಟ, ಅದರಲ್ಲಿ ಭಾನುವಾರದ್ದು ಉದ್ದ. ಕಾಗದದ ಮೇಲೆ ಚೆನ್ನಾಗಿ ಕಾಣುತ್ತೆ. ಆದರೆ ಜನವರಿಯಿಂದ 16 ವಾರ ಹಿಂದಕ್ಕೆ ಎಣಿಸಿ ನೋಡಿ. ಮಲೆನಾಡಿನವನಿಗೆ ಅದಕ್ಕಿಂತ ಕೆಟ್ಟ ಕಾಲ ಇಲ್ಲ. ನವರಾತ್ರಿ ಎದುರು ಬರುತ್ತೆ. ಆಮೇಲೆ ಭೂಮಿ ಹುಣ್ಣಿಮೆ, ದೀಪಾವಳಿ. ಉಸಿರು ಬಿಡೋ ಹೊತ್ತಿಗೆ ಅಡಿಕೆ ಕೊಯ್ಲು. ಮರ ಹತ್ತಿ ಗೊನೆ ಇಳಿಸೋ ಕೊನೆಗಾರ ಸಿಗೋದೇ ವಾರಕ್ಕೊಂದು ದಿನ, ಆ ದಿನ ಭಾನುವಾರವೇ ಆಗಿರುತ್ತೆ. ನಡುವೆ ಮಗಳ ಪರೀಕ್ಷೆ. ಅವಳು ಓದುವಾಗ ನಾನು ಮನೆಯಲ್ಲಿರಬೇಕಂತೆ. ಯಾಕೆ ಅಂತ ಇನ್ನೂ ಗೊತ್ತಾಗಿಲ್ಲ.

"ಭೂಮಿ ಹುಣ್ಣಿಮೆ ದಿನವೂ ಓಡಿದ್ಯಾ?" ಅಂದರು ಗೌಡ್ರು.

"ಓಡಲಿಲ್ಲ. ಬೆಳಗಿನ ಜಾವ ಬುಟ್ಟಿ ಹೊತ್ತುಕೊಂಡು ಅಪ್ಪನ ಹಿಂದೆ ಗದ್ದೆ ಬದುವಿನ ಮೇಲೆ ಓಡಾಡಿದೆ. ಚರಗ ಬೀರಿ ಮುಗಿಯೋ ಹೊತ್ತಿಗೆ ವಾಚು ಐದು ಕಿಲೋಮೀಟರ್ ತೋರಿಸ್ತು. ಅಪ್ಪನಿಗೆ 76. ಒಂದು ಸಲವೂ ನಿಂತು ಉಸಿರು ತಗೊಳ್ಳಲಿಲ್ಲ."

"ಅವರನ್ನೇ ಮುಂಬೈಗೆ ಕಳಿಸು."

ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟರು. ಪಾಠ ಶುರುವಾಗುತ್ತೆ ಅಂತ ಅರ್ಥ. "ಈ 42.195 ಕಿಲೋಮೀಟರ್ ಎಲ್ಲಿಂದ ಬಂತು ಗೊತ್ತಾ? 1908ರ ಲಂಡನ್ ಒಲಿಂಪಿಕ್ಸ್. ವಿಂಡ್ಸರ್ ಅರಮನೆ ಹತ್ತಿರ ಶುರು, ಸ್ಟೇಡಿಯಂನಲ್ಲಿ ರಾಜಮನೆತನದವರು ಕೂರೋ ಜಾಗದ ಎದುರಿಗೆ ಕೊನೆ. 1921ರಲ್ಲಿ ಅದೇ ದೂರ ಕಾಯಂ ಆಯ್ತು."

"ಅಂದ್ರೆ ದೊಡ್ಡವರ ಮನೆ ಬಾಗಿಲಿಗೆ ಅಂತ ರಸ್ತೆ ಎಳೆದಿದ್ದು" ಎಂದರು ಗೌಡ್ರು. "ನಮ್ಮಲ್ಲೂ ಅದೇ ಪದ್ಧತಿ ಬಿಡಿ."

"ನನ್ನ ಕೇಳಿದ್ರೆ ಫೌಜಾ ಸಿಂಗ್ ಮಾಡಿದ್ದೇ ಸರಿ" ಅಂತ ಮೇಷ್ಟ್ರು ಮುಂದುವರಿಸಿದರು. "ಮೊದಲ ಮ್ಯಾರಥಾನ್ ಓಡಿದಾಗ ಅವರಿಗೆ 89. 2011ರಲ್ಲಿ ಟೊರಾಂಟೊದಲ್ಲಿ ಓಡಿದಾಗ ನೂರು. ಯೋಚನೆ ಮಾಡು. 89ಕ್ಕೆ ಸ್ಕೂಲ್ ಬಸ್ ಇಲ್ಲ, ಪೇರೆಂಟ್ಸ್ ಮೀಟಿಂಗ್ ಇಲ್ಲ, ಅತ್ತೆ ಮನೆ ಗೃಹಪ್ರವೇಶ ಇಲ್ಲ. ನೀನೂ ಆವಾಗ್ಲೇ ಶುರು ಮಾಡು."

ಇನ್ನು ನೆಂಟರ ಕಾಟ. ಈ ರಸ್ತೆಯಲ್ಲಿ ಹೋಗೋ ಪ್ರತಿ ಬಸ್ಸಿನಲ್ಲೂ ನಮ್ಮವರು ಒಬ್ಬರಾದರೂ ಇರುತ್ತಾರೆ. ಮೊದಲ ವಾರ ಬೈಕ್ ನಿಲ್ಲಿಸಿ "ಗಾಡಿ ಕೆಟ್ಟಿದ್ಯಾ? ಹತ್ತು" ಅಂದವರು ಮೂರು ಜನ. ಬೇಡ ಅಂದರೆ ಬೇಜಾರು. ಹೆಂಡತಿಯ ದೊಡ್ಡಮ್ಮನಂತೂ ಬಸ್ಸಿನಿಂದಲೇ ಮನೆಗೆ ಫೋನ್ ಮಾಡಿದ್ದರು. "ನಿಮ್ಮನೆಯವರು ಗಾಜನೂರು ಕಡೆ ಓಡಿ ಹೋಗ್ತಿದ್ದಾರಲ್ಲೇ, ಏನಾದ್ರೂ ಮಾತಿಗೆ ಮಾತು ಬಂತಾ?" ಓಡೋದಕ್ಕೂ ಓಡಿ ಹೋಗೋದಕ್ಕೂ ಇರೋ ವ್ಯತ್ಯಾಸ ವಿವರಿಸೋಕೆ ಇವಳಿಗೆ ಅರ್ಧ ಗಂಟೆ ಬೇಕಾಯಿತು. ಅವತ್ತಿನಿಂದ ಮೊಬೈಲಿನಲ್ಲಿ ಲೈವ್ ಲೊಕೇಶನ್ ಹಾಕಿಟ್ಟೇ ಹೊರಡಬೇಕು ಅಂತ ಮನೆಯಲ್ಲಿ ಕಾನೂನಾಗಿದೆ.

"ಅದಿರಲಿ, ಹದಿನಾರಕ್ಕೇ ಯಾಕೆ ಬಿಟ್ಟೆ?"

ಜೇಬಿನ ಕಥೆ ಹೇಳಲೇಬೇಕಾಯಿತು. ಮೂವತ್ತು ಕಿಲೋಮೀಟರ್ ಹತ್ತಿರ ಬಂದಾಗ ಮೈಯಲ್ಲಿ ಕೂಡಿಟ್ಟ ಸಕ್ಕರೆ ಮುಗಿಯುತ್ತಾ ಬರುತ್ತೆ. ಕಾಲು ಕಲ್ಲಾಗುತ್ತೆ. ಅದಕ್ಕೆ ದಾರಿಯಲ್ಲೇ ಸಕ್ಕರೆ ಹೋಗ್ತಾ ಇರಬೇಕು. ಓಟಗಾರರು ಜೆಲ್ ಪೊಟ್ಟಣ ಹೀರುತ್ತಾರೆ. ಒಂದೊಂದರ ಬೆಲೆ ನೋಡಿ ನನಗೆ ಪಾಕದಂಥ ಜೋನಿ ಬೆಲ್ಲ ನೆನಪಾಯಿತು. ಅದೂ ಅಂಟು, ಇದೂ ಅಂಟು. ಒಂದು ಪ್ಲಾಸ್ಟಿಕ್ ಕವರಿಗೆ ಸುರಿದು, ಮೇಲೆ ರಬ್ಬರ್ ಬ್ಯಾಂಡ್ ಬಿಗಿದು ಜೇಬಿಗೆ ಹಾಕಿದೆ. ಎಂಟನೇ ಕಿಲೋಮೀಟರಿಗೆ ತೊಡೆ ಬೆಚ್ಚಗಾಯಿತು. ಬೆವರು ಅಂದುಕೊಂಡೆ. ಆಮೇಲೆ ಮಂಡಿ, ಆಮೇಲೆ ಸಾಕ್ಸು. ನೀರು ಕುಡಿಯೋಕೆ ಮೋರಿ ಕಟ್ಟೆ ಮೇಲೆ ಎರಡು ನಿಮಿಷ ಕೂತೆ. ಕೆಂಜಿಗ ಬಂದವು. ವಾಪಸ್ ಬಂದ ಎಂಟು ಕಿಲೋಮೀಟರ್ ನನ್ನ ಜೀವನದ ಅತಿ ವೇಗದ ಓಟ.

ಗೌಡ್ರು ಕಣ್ಣು ಒರೆಸಿಕೊಂಡರು. "ನಮ್ಮೂರ ಅಂಟಿಗೆ ಪಂಟಿಗೆಯವರನ್ನ ನೋಡು. ದೀಪಾವಳಿಗೆ ರಾತ್ರಿಯಿಡೀ ಊರಿಂದ ಊರಿಗೆ ನಡೀತಾರೆ, ದೀಪ ಆರೋ ಹಾಗಿಲ್ಲ, ಹಾಡು ನಿಲ್ಲೋ ಹಾಗಿಲ್ಲ. ಮನೆ ಮನೆಯಲ್ಲಿ ದೀಪಕ್ಕೆ ಎಣ್ಣೆ, ಅವರಿಗೆ ದುಡ್ಡು. ನಿನಗೆ ಏನು ಕೊಡ್ತಾರೆ ಮುಂಬೈಯಲ್ಲಿ?"

"ಮೆಡಲ್."

"ಸುಮ್ನೆ ಕೊಡ್ತಾರಾ?"

"ಇಲ್ಲ, ಮೊದಲೇ ಫೀಸ್ ಕಟ್ಟಿದ್ದೀನಿ. ರೈಲು, ರೂಮು ಬೇರೆ."

"ರಾತ್ರಿಯಿಡೀ ನಡೆದವರಿಗೆ ಊರೇ ದುಡ್ಡು ಕೊಡುತ್ತೆ. ನೀನು ಓಡಿ ನೀನೇ ದುಡ್ಡು ಕೊಡ್ತೀಯ. ಮಾರಾಯ, ನೀನು ಮಾತ್ರ ಮಂಡಿ ಇಡಬೇಡ."

ಅಷ್ಟರಲ್ಲಿ ಫೋನ್ ಬಂತು. ಮನೆಯಿಂದ.

"ರೀ, ಎಲ್ಲಿದ್ದೀರಿ?"

ಸ್ವಲ್ಪ ಏದುಸಿರು ಬಿಟ್ಟೆ. "ಬರ್ತಾ ಇದ್ದೀನಿ. ಇನ್ನೆರಡು ಕಿಲೋಮೀಟರ್."

"ಚುಕ್ಕೆ ಒಂದು ಗಂಟೆಯಿಂದ ಹೋಟೆಲ್ ಬಿಟ್ಟು ಅಲ್ಲಾಡಿಲ್ಲ. ನಮಗೂ ಮೂರು ಪ್ಲೇಟ್ ಪಡ್ಡು ಕಟ್ಟಿಸ್ಕೊಂಡು ಬನ್ನಿ. ಮತ್ತೆ ಓಡಬೇಡಿ, ಚಟ್ನಿ ಚೆಲ್ಲುತ್ತೆ."