ವಾಕಿಂಗ್ ಶುರು ಮಾಡ್ತೀನಿ, ಎರಡೇ ವಾರಕ್ಕೆ ನಿಂತುಹೋಗುತ್ತೆ. ಏನು ಮಾಡಲಿ?

ಬನಶಂಕರಿ ಹುಡುಗ: ಕೆಲಸ ವೈಟ್‌ಫೀಲ್ಡ್‌ನಲ್ಲಿ. ಮನೆ ಸೇರುವಾಗ ರಾತ್ರಿ ಆಗಿರುತ್ತದೆ, ಹಾಗಾಗಿ ಬೆಳಗ್ಗೆಯೇ ನಡೆಯಬೇಕು. ಆದರೆ ಒಂದು ದಿನ ಮಳೆ ಬಂದು ತಪ್ಪಿದರೆ ಸಾಕು, ಮತ್ತೆ ಹಿಡಿಯೋಕೆ ತಿಂಗಳೇ ಆಗುತ್ತದೆ. ಅಪ್ಪನಿಗೆ ಶುಗರ್ ಇದೆ, ನನಗೂ ಬರಬಹುದು ಅನ್ನೋ ಭಯ. ಬಿಡದೆ ಮಾಡುವವರು ಹೇಗೆ ಮಾಡ್ತೀರಾ?

ಮಲ್ಲೇಶ್ವರಂ ಓಟ: ಒಂದು ದಿನ ತಪ್ಪಿದರೆ ಏನೂ ಹಾಳಾಗಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೊಸ ಅಭ್ಯಾಸ ಕೂರಲು ಸುಮಾರು 66 ದಿನ ಬೇಕಾಗಿತ್ತು, ಅದೂ ಒಬ್ಬೊಬ್ಬರಿಗೆ ಒಂದೊಂದು ಥರ, 18ರಿಂದ 254 ದಿನದವರೆಗೆ. ನಡುವೆ ಒಂದು ದಿನ ಬಿಟ್ಟಿದ್ದರಿಂದ ಅಂಥ ತೊಂದರೆ ಕಾಣಲಿಲ್ಲ. ಎರಡು ವಾರಕ್ಕೇ ನಿಮ್ಮ ಮೇಲೆ ನೀವೇ ಬೇಜಾರು ಮಾಡ್ಕೋಬೇಡಿ.

ಜಯನಗರ ಅಕ್ಕ: ಜೊತೆಗೆ ಯಾರಾದರೂ ಇರಲಿ. ನಾವು ನಾಲ್ಕು ಜನ ಲಾಲ್‌ಬಾಗ್ ವೆಸ್ಟ್ ಗೇಟ್ ಹತ್ತಿರ ಸೇರ್ತೀವಿ, ಅಲ್ಲಿ ಒಬ್ಬರು ಕಾಯ್ತಿದ್ದಾರೆ ಅಂದರೆ ಹಾಸಿಗೆಯಲ್ಲಿ ಮಲಗಿರೋಕೆ ಮನಸ್ಸು ಬರಲ್ಲ. ಮಳೆ ಇದ್ದರೆ ಮನೆಯಲ್ಲೇ ಸೂರ್ಯ ನಮಸ್ಕಾರ, ಹತ್ತು ನಿಮಿಷ ಸಾಕು. ಅಪ್ಪನನ್ನೂ ಕರ್ಕೊಂಡು ಹೋಗಿ, ಅವರಿಗೂ ಒಳ್ಳೆಯದು ಅಲ್ವಾ?

ನೇರಳೆ ಲೈನ್: ಮೆಟ್ರೋದಲ್ಲಿ ಹೋಗ್ತೀರಾದರೆ ಒಂದು ಸ್ಟೇಷನ್ ಮುಂಚೆ ಇಳಿದು ಜೋರಾಗಿ ನಡೀರಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ. ಅದನ್ನು ಬೆಳಗ್ಗೆಯೇ ಮುಗಿಸಬೇಕು ಅಂತೇನಿಲ್ಲ, ತುಂಡು ತುಂಡಾಗಿ ಮಾಡಿದರೂ ಲೆಕ್ಕಕ್ಕೆ ಬರುತ್ತದೆ.

ಬನಶಂಕರಿ ಹುಡುಗ: ಅಪ್ಪನನ್ನು ಕೇಳಿದೆ, ಬರ್ತೀನಿ ಅಂದರು. ಅಕ್ಕ, ನೀವು ಎಷ್ಟು ಗಂಟೆಗೆ ಸೇರ್ತೀರಾ?