ನಲ್ಲಿ ನೀರಿನ ಪ್ರಶ್ನೋತ್ತರ: ಹಳೇ ನೀರು ಚೆಲ್ಲಬೇಕಾ, ಲೈನಿಗೆ ಮೋಟಾರ್ ಹಾಕಬಹುದಾ?

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಮನೆಗೆ ಬರುವ ನೀರು, ಅದನ್ನು ಉಳಿಸುವ ನಿಯಮಗಳ ಬಗ್ಗೆ ಏನೇ ಅನುಮಾನ ಇದ್ದರೂ ಇವತ್ತು ಇಲ್ಲೇ ಕೇಳಿ. ನೀರು ಸರಬರಾಜಿನಲ್ಲಿ ಕೆಲಸ ಮಾಡಿ ನಿವೃತ್ತರಾದ ಎಂಜಿನಿಯರ್ ಸರ್ ಉತ್ತರ ಕೊಡುತ್ತಾರೆ. ಬೇರೆ ವಿಷಯ ತರಬೇಡಿ.

ಶೋಭಾ, ವಿದ್ಯಾನಗರ: ಸರ್, ನೀರು ಬಿಟ್ಟ ದಿನ ನಮ್ಮ ಬೀದಿಯಲ್ಲಿ ಎಲ್ಲರೂ ಡ್ರಮ್ಮು, ಕೊಡದಲ್ಲಿ ಉಳಿದ ಹಳೇ ನೀರನ್ನು ಚರಂಡಿಗೆ ಚೆಲ್ಲುತ್ತಾರೆ. ನಮ್ಮ ಅತ್ತೆಯವರೂ ಅಷ್ಟೇ. ಹಳೇ ನೀರು ಕುಡಿದರೆ ಗಂಟಲು ಕೆಡುತ್ತೆ ಅಂತಾರೆ. ನಿಜನಾ?

ಎಂಜಿನಿಯರ್: ಇಲ್ಲಮ್ಮ. ನೀರು ಹಾಲಲ್ಲ, ನಾಲ್ಕು ದಿನ ಇಟ್ಟರೆ ಒಡೆಯಲ್ಲ. ಮುಚ್ಚಿದ ಪಾತ್ರೆಯಲ್ಲಿ, ಕೈ ಅದ್ದದೆ ಹಿಡಿಕೆ ಇರುವ ಸೌಟಿನಲ್ಲಿ ತೆಗೆದರೆ ಒಂದು ವಾರ ಧಾರಾಳವಾಗಿ ಕುಡಿಯಬಹುದು. ಕೆಡುವುದು ನೀರಿನ ವಯಸ್ಸಿನಿಂದಲ್ಲ, ನಮ್ಮ ಕೈಯಿಂದ. ಈ ನೀರು ಎಲ್ಲಿಂದ ಬರುತ್ತೆ ಅಂತ ಅತ್ತೆಯವರಿಗೆ ಹೇಳಿ. ಒಂದಷ್ಟು ಹರಿಹರದ ಹತ್ತಿರ ರಾಜನಹಳ್ಳಿಯಲ್ಲಿ ತುಂಗಭದ್ರೆಯಿಂದ ಎತ್ತಿದ್ದು, ಒಂದಷ್ಟು ಭದ್ರಾ ನಾಲೆಯಿಂದ ಕುಂದವಾಡ ಕೆರೆಗೂ ಟಿವಿ ಸ್ಟೇಷನ್ ಕೆರೆಗೂ ತುಂಬಿಸಿದ್ದು. ನಾಲೆ ನಿಂತ ಮೇಲೆ ಕೆರೆಯಲ್ಲಿ ಎಷ್ಟಿದೆಯೋ ಅಷ್ಟರಲ್ಲೇ ದಿನ ದೂಡಬೇಕು. ಅಲ್ಲಿಂದ ಎತ್ತಿ, ತಿಳಿ ಮಾಡಿ, ಕ್ಲೋರಿನ್ ಹಾಕಿ, ಕರೆಂಟ್ ಸುಟ್ಟು ನಿಮ್ಮ ಬಾಗಿಲಿಗೆ ತಂದ ನೀರನ್ನು ಚರಂಡಿಗೆ ಚೆಲ್ಲಿದರೆ ಹೊಟ್ಟೆ ಉರಿಯುತ್ತೆ.

ಡ್ರಮ್ ಮಾತ್ರ ವಾರಕ್ಕೊಮ್ಮೆ ಖಾಲಿ ಮಾಡಿ. ಯಾಕೆ ಅಂದ್ರೆ ಡೆಂಗಿ ಸೊಳ್ಳೆ ಮೊಟ್ಟೆ ನೀರಿನ ಅಂಚಿಗೆ, ಒಳಗೋಡೆಗೆ ಅಂಟಿಕೊಂಡಿರುತ್ತೆ. ಮೊಟ್ಟೆ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ನೀರು ಬಗ್ಗಿಸಿದರೆ ಸಾಲದು, ಗೋಡೆಯನ್ನು ನಾರಿನಿಂದ ಉಜ್ಜಬೇಕು. ಉಳಿದ ನೀರು ನೆಲ ಒರೆಸಲು, ಗಿಡಕ್ಕೆ ಆಗುತ್ತೆ.

ಮಂಜು, ನಿಟ್ಟುವಳ್ಳಿ: ಸರ್, ಒಂದು ಮೆಸೇಜ್ ಬಂದಿದೆ. ಕಾರು ತೊಳೆದರೆ 5000 ದಂಡ, ಮತ್ತೆ ಮಾಡಿದರೆ ದಿನಕ್ಕೆ 500. ಇದು ನಮ್ಮೂರಿಗೂ ಇದೆಯಾ?

ಎಂಜಿನಿಯರ್: ಅದು ಬೆಂಗಳೂರು ಜಲಮಂಡಳಿಯ ಆದೇಶ. 2024ರ ಮಾರ್ಚ್‌ನಲ್ಲಿ ಹೊರಡಿಸಿದ್ದು. ವಾಹನ ತೊಳೆಯಲು, ಕೈತೋಟಕ್ಕೆ, ಕಟ್ಟಡ ಕೆಲಸಕ್ಕೆ, ಕಾರಂಜಿಗೆ ಕುಡಿಯುವ ನೀರು ಬಳಸಬಾರದು ಅಂತ. ಮಂಡಳಿಗೆ ಅದರದೇ 1964ರ ಕಾಯ್ದೆ ಇದೆ. ನಮ್ಮ ಪಾಲಿಕೆ ನಡೆಯುವುದು 1976ರ ಪೌರ ನಿಗಮಗಳ ಕಾಯ್ದೆ ಪ್ರಕಾರ. ಅಲ್ಲಿನ ದಂಡ ಇಲ್ಲಿಗೆ ತಾನಾಗಿ ಬರಲ್ಲ, ಪಾಲಿಕೆ ಪ್ರಕಟಣೆ ನೋಡಿ. ಹಾಗಂತ ಪೈಪ್ ಹಿಡಿದು ಕಾರು ತೊಳೆಯಿರಿ ಅಂತ ಅರ್ಥ ಅಲ್ಲ. ಒಂದು ಬಕೆಟ್, ಒಂದು ಬಟ್ಟೆ ಸಾಕು.

ರೇಣುಕಾ, ಕೆಟಿಜೆ ನಗರ: ಸರ್, 5000 ದಂಡ ನಿಜನಾ?

ಎಂಜಿನಿಯರ್: ಮೇಲೆ ಬರೆದಿದ್ದೇನೆ.

ಬಸವರಾಜ್: ನಲ್ಲಿ ಲೈನಿಗೆ ಮೋಟಾರ್ ಹಾಕಿದರೆ ಏನು ತಪ್ಪು ಸರ್? ನಮ್ಮದು ಏರು ರಸ್ತೆ. ಮೋಟಾರ್ ಹಾಕದಿದ್ದರೆ ಒಂದು ಕೊಡವೂ ತುಂಬಲ್ಲ.

ಶೋಭಾ, ವಿದ್ಯಾನಗರ: ನೀವು ಹಾಕಿದರೆ ನಿಮ್ಮ ಪಕ್ಕದವರಿಗೆ ಬರಲ್ಲ ಅಣ್ಣ. ನಮ್ಮ ಬೀದಿಯಲ್ಲಿ ಇದೇ ಜಗಳ.

ಬಸವರಾಜ್: ಪಕ್ಕದವರೂ ಹಾಕಿದ್ದಾರೆ ಮೇಡಂ. ತೆರಿಗೆ ನಾವೂ ಕಟ್ತೀವಿ. ನೀವು ತಗ್ಗಿನಲ್ಲಿದ್ದೀರಿ, ಮಾತಾಡೋದು ಸುಲಭ.

ಮಂಜು, ನಿಟ್ಟುವಳ್ಳಿ: ಬಾಡಿಗೆ ಮನೆಯವರ ಕಷ್ಟ ಯಾರೂ ಕೇಳಲ್ಲ. ಓನರ್ ಮೋಟಾರ್ ಹಾಕಿ ತಮ್ಮ ಟ್ಯಾಂಕ್ ತುಂಬಿಸಿಕೊಳ್ತಾರೆ. ನಮಗೆ ಎರಡು ಬಿಂದಿಗೆ.

ಬಸವರಾಜ್: ಓನರ್‌ಗಳನ್ನು ಬೈಯೋಕೆ ಗ್ರೂಪ್ ಮಾಡಿದ್ದಾ?

ಎಂಜಿನಿಯರ್: ಬಸವರಾಜ್ ಅವರೇ, ನಿಮ್ಮ ಕಷ್ಟ ಗೊತ್ತು. ಪರಿಹಾರ ಮೋಟಾರ್ ಅಲ್ಲ, ಸಂಪು. ನೆಲಮಟ್ಟದಿಂದ ಕೆಳಗೆ ಸಂಪು ಇದ್ದರೆ ಒತ್ತಡ ಕಡಿಮೆ ಇದ್ದರೂ ನೀರು ತಾನೇ ಇಳಿಯುತ್ತೆ. ಅಲ್ಲಿಂದ ಮೇಲಿನ ಟ್ಯಾಂಕಿಗೆ ಎತ್ತಲು ಮೋಟಾರ್ ಹಾಕಿ, ಯಾರೂ ಬೇಡ ಅನ್ನಲ್ಲ. ಸಂಪಿಗೆ, ತುಂಬಿದ ಕೂಡಲೇ ನೀರು ನಿಲ್ಲಿಸುವ ಬಾಲ್ ವಾಲ್ವ್ ಇರಲೇಬೇಕು. ಇಲ್ಲದಿದ್ದರೆ ತುಂಬಿ ರಸ್ತೆಗೆ ಹರಿಯುತ್ತೆ. ಲೈನಿಗೇ ಹಚ್ಚಿದರೆ ಮೋಟಾರ್ ಜಪ್ತಿ ಮಾಡಬಹುದು, ನಲ್ಲಿ ಕಡಿಯಬಹುದು. ಅದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ, ಮುಂದಿನ ಪ್ರಶ್ನೆ ನೋಡಿ.

ಇಮ್ರಾನ್: ಸರ್, ನಮ್ಮ ಬೀದಿಯಲ್ಲಿ ವಾರದಿಂದ ಮೊದಲ ಎರಡು ಬಕೆಟ್ ನೀರು ಬೂದು ಬಣ್ಣ, ಚರಂಡಿ ವಾಸನೆ. ಆಮೇಲೆ ಸ್ವಚ್ಛ. ಮನೆಯಲ್ಲಿ ಚಿಕ್ಕ ಮಗುವಿಗೆ ಭೇದಿ ಶುರುವಾಗಿದೆ. ಬಹಳ ಮನೆಗಳು ಮೋಟಾರ್ ಹಾಕುತ್ತವೆ. ಸ್ವಚ್ಛ ಬಂದ ಮೇಲೆ ಹಿಡಿದರೆ ಸಾಕಾ?

ಎಂಜಿನಿಯರ್: ಸಾಕಾಗಲ್ಲ. ಮೊದಲು ಮಗುವನ್ನು ಡಾಕ್ಟರ್‌ಗೆ ತೋರಿಸಿ, ಓಆರ್‌ಎಸ್ ಶುರು ಮಾಡಿ. ಇವತ್ತೇ.

ಏನಾಗಿದೆ ಅಂತ ಹೇಳುತ್ತೇನೆ. ನೀರು ಬಿಡದ ದಿನ ಪೈಪ್ ಖಾಲಿ. ಬಿಟ್ಟ ಕೂಡಲೇ ಹತ್ತು ಮೋಟಾರ್ ಒಟ್ಟಿಗೆ ಎಳೆದರೆ ಪೈಪಿನೊಳಗೆ ಒತ್ತಡ ಇಳಿದು ಹೋಗುತ್ತೆ, ಪೈಪೇ ಹೊರಗಿನದನ್ನು ಹೀರುತ್ತೆ. ಹಳೇ ಬೀದಿಗಳಲ್ಲಿ ಮನೆಗೆ ಬರುವ ಕಬ್ಬಿಣದ ಪೈಪ್ ಚರಂಡಿಯೊಳಗೇ ಹಾಯ್ದಿರುತ್ತೆ. ತುಕ್ಕು ಹಿಡಿದು ಸೂಜಿ ತೂತು ಬಿದ್ದಿದ್ದರೆ ಸಾಕು. ಮೊದಲ ಎರಡು ಬಕೆಟ್ ಅಂದ್ರೆ ಅದು ಚರಂಡಿ ನೀರು. ಆಮೇಲಿನದು ಕಣ್ಣಿಗೆ ಸ್ವಚ್ಛ, ಅಷ್ಟೇ. ನಿಮ್ಮ ಫೆರೂಲಿನಿಂದ, ಅಂದ್ರೆ ಬೀದಿಯ ದೊಡ್ಡ ಪೈಪಿಗೆ ನಿಮ್ಮ ಪೈಪ್ ಕೂಡುವ ಜಾಗದಿಂದ, ಮನೆವರೆಗೆ ಪೈಪ್ ಎಲ್ಲಿ ಹಾದಿದೆ ನೋಡಿ. ಚರಂಡಿ ದಾಟುವ ಜಾಗದಲ್ಲಿ ಹಸಿರು, ಕಪ್ಪು ಕಲೆ, ಒದ್ದೆ ಮಣ್ಣು ಇದ್ದರೆ ಅಲ್ಲೇ ಇರಬೇಕು. ಆ ತುಂಡನ್ನು ಬದಲಿಸಿ, ಚರಂಡಿಯ ಮೇಲೆ ಎತ್ತಿ ತನ್ನಿ. ವಾಲ್ವ್‌ಮನ್‌ಗೂ ವಾರ್ಡ್ ಎಂಜಿನಿಯರ್‌ಗೂ ಬರೆದು ಕೊಡಿ, ಬಾಯಲ್ಲಿ ಹೇಳಬೇಡಿ. ತೂತು ನಿಮ್ಮ ಪಾಲಿನ ಪೈಪಿನಲ್ಲಿ ಇಲ್ಲದಿರಬಹುದು.

ಅಲ್ಲಿವರೆಗೆ ಕುಡಿಯುವುದೆಲ್ಲ ಕುದಿಸಿ. ದೊಡ್ಡ ಗುಳ್ಳೆ ಬಂದ ಮೇಲೆ ಒಂದು ನಿಮಿಷ ಪೂರ್ತಿ. ಹಲ್ಲುಜ್ಜಲು, ತರಕಾರಿ ತೊಳೆಯಲು ಕೂಡ ಕುದಿಸಿದ ನೀರೇ. ನಲ್ಲಿಯಲ್ಲಿ ಕ್ಲೋರಿನ್ ಲೀಟರಿಗೆ 0.2 ಮಿಲಿಗ್ರಾಂ ಆದರೂ ಉಳಿದಿರಬೇಕು. ಪರೀಕ್ಷೆ ಕಿಟ್‌ನ ಹನಿ ಹಾಕಿದಾಗ ಹಳದಿ ಬರದಿದ್ದರೆ ಕ್ಲೋರಿನ್ ಇಲ್ಲ. ಇನ್ನೊಂದು ಸಣ್ಣ ಬಾಟಲಿ ಪರೀಕ್ಷೆ ಇದೆ, ಎಚ್2ಎಸ್. ನೀರು ತುಂಬಿ ಒಂದೆರಡು ದಿನ ಬೆಚ್ಚಗಿಟ್ಟು, ಕಪ್ಪಾಗುತ್ತಾ ನೋಡಬೇಕು. ಕಪ್ಪಾದರೆ ಮಲದ ಅಂಶ ಇರುವ ಸಾಧ್ಯತೆ ಹೆಚ್ಚು. ಸಂಪು ಇದ್ದರೆ ಅದೂ ಕೆಟ್ಟಿದೆ. ಇದೆಯಾ?

ಇಮ್ರಾನ್: ಇದೆ ಸರ್, 3000 ಲೀಟರ್.

ಪ್ರಕಾಶ್: ಸುಮ್ನೆ ಹೆದರಿಸಬೇಡಿ ಸರ್. ಸಂಪಿಗೆ ಪಟಿಕ (ಆಲಮ್) ತಿರುಗಿಸಿ, ತುಳಸಿ ಎಲೆ ಹಾಕಿ, ತಾಮ್ರದ ಚೊಂಬಿನಲ್ಲಿ ರಾತ್ರಿ ಇಟ್ಟರೆ ಎಲ್ಲ ರೋಗಾಣು ಸಾಯುತ್ತೆ. ಈ ವಿಡಿಯೋ ನೋಡಿ, ಎಲ್ಲರಿಗೂ ಕಳಿಸಿ.

ಎಂಜಿನಿಯರ್: ಪ್ರಕಾಶ್ ಅವರೇ, ಮಗುವಿಗೆ ಭೇದಿ ಆಗಿರುವ ಮನೆಗೆ ಇದನ್ನು ಕಳಿಸಬೇಡಿ. ಪಟಿಕ ಮಣ್ಣನ್ನು ಕೂರಿಸುತ್ತೆ, ರೋಗಾಣು ಕೊಲ್ಲಲ್ಲ. ತಿಳಿಯಾದ ಕೊಳಕು ನೀರು ಇನ್ನೂ ಅಪಾಯ, ನೋಡಿದವರು ನಂಬಿ ಕುಡಿಯುತ್ತಾರೆ. ತಾಮ್ರದ ಪಾತ್ರೆಗೆ ರಾತ್ರಿ ಕಳೆಯುವುದರಲ್ಲಿ ಸ್ವಲ್ಪ ಬ್ಯಾಕ್ಟೀರಿಯಾ ಕಡಿಮೆ ಮಾಡುವ ಗುಣ ಇದೆ, ಚರಂಡಿ ಬೆರೆತ ನೀರಿಗೆ ಅದು ಮದ್ದಲ್ಲ. ತುಳಸಿ ಪೂಜೆಗೆ ಇರಲಿ.

ಪ್ರಕಾಶ್: ನಮ್ಮ ಅಜ್ಜ ಕೆರೆ ನೀರು ಕುಡಿದೇ 90 ವರ್ಷ ಬದುಕಿದರು.

ರೇಣುಕಾ, ಕೆಟಿಜೆ ನಗರ: ಆ ಕಾಲದಲ್ಲಿ ಕಾಲರಾಕ್ಕೆ ಊರಿಗೆ ಊರೇ ಖಾಲಿ ಆಗ್ತಿತ್ತು. ಉಳಿದವರ ಲೆಕ್ಕ ಮಾತ್ರ ಹೇಳ್ತೀರಿ.

ಪ್ರಕಾಶ್: ನೀವು ಡಾಕ್ಟರಾ?

ಅಡ್ಮಿನ್: ದಯವಿಟ್ಟು ನಿಲ್ಲಿಸಿ. ವಿಡಿಯೋ ತೆಗೆದಿದ್ದೇನೆ.

ಎಂಜಿನಿಯರ್: ಇಮ್ರಾನ್, ಸಂಪು ಪೂರ್ತಿ ಖಾಲಿ ಮಾಡಿಸಿ. ಮುಚ್ಚಳ ತೆಗೆದು ಬಹಳ ಹೊತ್ತು ಗಾಳಿಯಾಡಲು ಬಿಡಿ. ಒಬ್ಬರೇ ಇಳಿಯಬಾರದು, ಮೇಲೊಬ್ಬರು ನಿಂತಿರಲೇಬೇಕು. ಪೆಟ್ರೋಲ್ ಪಂಪನ್ನು ಒಳಗಿಟ್ಟು ಓಡಿಸಬೇಡಿ, ಹೊಗೆಗೆ ಜನ ಸತ್ತಿದ್ದಾರೆ. ಗೋಡೆ, ತಳ ಉಜ್ಜಿ, ಬ್ಲೀಚಿಂಗ್ ನೀರು ಬಳಿದು, ಅರ್ಧ ಗಂಟೆ ಬಿಟ್ಟು ತೊಳೆಯಿರಿ. ಪೈಪ್ ರಿಪೇರಿ ಆದ ಮೇಲೆ ಹೊಸ ನೀರು ತುಂಬಿಸಿ. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಒಳ್ಳೇ ಬ್ಲೀಚಿಂಗ್ ಪುಡಿ, ನಿಮ್ಮದಕ್ಕೆ ಏಳೂವರೆ ಗ್ರಾಂ. ಪುಡಿಯನ್ನು ನೇರ ಎಸೆಯಬೇಡಿ. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿ ಮಾತ್ರ ಸಂಪಿಗೆ ಹಾಕಿ, ಒಂದು ಗಂಟೆ ಬಿಡಿ. ಕೊಳಕು ನೀರು ಕ್ಲೋರಿನ್ ತಿಂದುಬಿಡುತ್ತೆ, ಅದಕ್ಕೆ ಆಮೇಲೆ ಹನಿ ಪರೀಕ್ಷೆ ಮಾಡಿ.

ಗಿರಿಜಾ, ಚಿತ್ರದುರ್ಗ: ಸರ್, ನಮ್ಮದು ಬೋರ್ ನೀರು. ಫ್ಲೋರೈಡ್ ಇದೆ ಅಂತಾರೆ. ಕುದಿಸಿದರೆ ಹೋಗುತ್ತಲ್ವಾ?

ಎಂಜಿನಿಯರ್: ಹೋಗಲ್ಲ. ನೀರು ಆವಿಯಾದಷ್ಟು ಜಾಸ್ತಿ ಆಗುತ್ತೆ. ಕ್ಯಾಂಡಲ್ ಫಿಲ್ಟರ್‌ಗೂ ಹೋಗಲ್ಲ. ಲೀಟರಿಗೆ ಒಂದು ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5. ಮೊದಲು ಲ್ಯಾಬಿಗೆ ಕೊಡಿ. ಮಕ್ಕಳಿದ್ದರೆ ತಡ ಮಾಡಬೇಡಿ. ಹಲ್ಲಿನ ಕಲೆ ಕಾಣುತ್ತೆ, ಮೂಳೆಗೆ ಆದದ್ದು ಬೇಗ ಕಾಣಲ್ಲ. ಆರ್‌ಒ ತೆಗೆಯುತ್ತೆ. ಅದು ಹೊರಗೆ ಬಿಡುವ ನೀರನ್ನು ಬಕೆಟ್ಟಿಗೆ ಹಿಡಿದು ಶೌಚಾಲಯಕ್ಕೆ ಬಳಸಿ. ಮಳೆ ನೀರು ಹಿಡಿದರೆ ಇನ್ನೂ ಒಳ್ಳೇದು. ಸಾವಿರ ಚದರಡಿ ತಾರಸಿಗೆ 10 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 900 ಲೀಟರ್. ಮೊದಲ ಮಳೆಯ ಧೂಳಿನ ನೀರು ಹೊರಗೆ ಬಿಡಿ.

ಮಂಜು, ನಿಟ್ಟುವಳ್ಳಿ: ಯಾವ ಕಂಪನಿ ಆರ್‌ಒ ಒಳ್ಳೇದು ಸರ್?

ಸುಮಾ: ಹೊಸ ನಲ್ಲಿ ಕನೆಕ್ಷನ್‌ಗೆ ಯಾವ ದಾಖಲೆ ಬೇಕು ಸರ್?

ನಾಗರಾಜ್: ಸರ್, ಡ್ರಮ್‌ನಲ್ಲಿದ್ದ ಹಳೇ ನೀರು ಚೆಲ್ಲಬೇಕಾ?

ಎಂಜಿನಿಯರ್: ನಾಗರಾಜ್, ಮೊದಲ ಉತ್ತರ ಓದಿ. ಮತ್ತೆ ಮತ್ತೆ ಬರೆಯಲ್ಲ.

ಬಸವರಾಜ್: ಸಂಪಿಗೆ ಖರ್ಚು ಯಾರು ಕೊಡ್ತಾರೆ? ಮೋಟಾರ್ ತೆಗಿ ಅನ್ನೋದು ಸುಲಭ.

ಶೋಭಾ, ವಿದ್ಯಾನಗರ: ಅಲ್ಲಿ ಮಗು ಮಲಗಿದೆ, ನಿಮಗೆ ಖರ್ಚಿನ ಚಿಂತೆ.

ಬಸವರಾಜ್: ಆ ಬೀದಿ ನಮ್ಮದಲ್ಲ ಮೇಡಂ. ಬಾಯಿ ಬಿಗಿ ಹಿಡಿದು ಮಾತಾಡಿ.

ಎಂಜಿನಿಯರ್: ಒಮ್ಮೆಲೇ ಸಂಪು ಆಗದಿದ್ದರೆ ನೆಲದಲ್ಲಿ ಅರ್ಧ ಹೂತ 500 ಲೀಟರ್ ಟ್ಯಾಂಕ್ ಸಾಕು ಬಸವರಾಜ್. ನಲ್ಲಿ ಬಾಯಿ ಅದರೊಳಗೆ ತಗ್ಗಿನಲ್ಲಿರಲಿ. ಮೋಟಾರ್ ಮಾತ್ರ ಇವತ್ತೇ ಲೈನಿನಿಂದ ಬಿಚ್ಚಿ.

ಇಮ್ರಾನ್: ಸರ್, ಮಗುವಿಗೆ ತೋರಿಸಿದೆವು, ಡ್ರಿಪ್ ಬೇಕಾಗಲಿಲ್ಲ. ಪೈಪ್ ಚರಂಡಿಯಲ್ಲೇ ಇದೆ, ತುಕ್ಕು ಹಿಡಿದಿದೆ. ನಾಳೆ ಪ್ಲಂಬರ್ ಬರ್ತಾರೆ. ಸಂಪು ತೊಳೆದ ನೀರು ಗಿಡಕ್ಕೆ ಹಾಕಬಹುದಾ?

ಎಂಜಿನಿಯರ್: ಬ್ಲೀಚಿಂಗ್ ಬಳಿದು ತೊಳೆದ ನೀರು ಗಿಡಕ್ಕೆ ಬೇಡ, ಬೇರು ಸುಡುತ್ತೆ. ಅದನ್ನು ಚರಂಡಿಗೆ ಬಿಡಿ. ಪ್ಲಂಬರ್ ಬಂದಾಗ ಕತ್ತರಿಸಿದ ತುಂಡಿನ ಫೋಟೋ ಹಾಕಿ, ಬೀದಿಯವರಿಗೂ ತೋರಿಸಿ. ಅವರ ಪೈಪೂ ಅದೇ ಚರಂಡಿಯಲ್ಲಿದೆ.